ಯಾಹಿ ಕುಲದ ಕಡೆಯ ಬಿಲ್ಲುಗಾರ

1911ನೆಯ ಆಗಸ್ಟ್ ತಿಂಗಳಲ್ಲಿ ಅಮೆರಿಕೆಯ ಕ್ಯಾಲಿಫೋರ್ನಿಯಾ ಪ್ರಾಂತದ ಓರೋವಿಲ್ ಎಂಬ ಊರಿನ ಬಳಿ, ಹಸಿದು ಬಸವಳಿದ ಪುರುಷನೊಬ್ಬನು ಕಾಣಿಸಿಕೊಂಡನು. ಬಿಳಿಯರ ಕೊಲೆಗಳಿಂದ ನಿರ್ಮೂಲವಾದ ಯಾಹಿ ಕುಲದಲ್ಲಿ ಉಳಿದಿದ್ದವನು ಅವನೊಬ್ಬನೇ. ತನ್ನ ಹೆಸರನ್ನು ಹೇಳಲೊಲ್ಲದ ಆತನನ್ನು ಪಂಡಿತರು ‘ಇಶಿ’ ಎಂದು ಕರೆದರು. ಅವನ ನುಡಿಯಲ್ಲಿ ಅದಕ್ಕೆ ಮನುಷ್ಯನೆಂದೇ ಅರ್ಥ. ಸ್ಯಾನ್ ಫ್ರಾನ್ಸಿಸ್ಕೋ ನಗರದ ವಸ್ತುಸಂಗ್ರಹಾಲಯದಲ್ಲಿ ವಾಸಿಸುತ್ತಿದ್ದ ಇವನಿಗೆ, ಸ್ಯಾಕ್ಸ್ಟನ್ ಪೋಪ್ ಎಂಬ ಶಸ್ತ್ರವೈದ್ಯನು ಧನುರ್ವಿದ್ಯೆಯಲ್ಲಿ ಶಿಷ್ಯನಾದನು.

ಅಲ್ಲಿಯ ಮೃಗವು ಕರಿಬಾಲದ ಜಿಂಕೆ. ಹೇಸರಗತ್ತೆಯಂತೆ ದೊಡ್ಡ ಕಿವಿಯುಳ್ಳ ಜಿಂಕೆಯ ಜಾತಿಗೇ ಸೇರಿದುದು. ಅದಕ್ಕೆ ಬಾಣವನ್ನೆಸೆಯುವುದಕ್ಕಿಂತ ಅದರ ಸಮೀಪವನ್ನು ಸೇರುವುದೇ ಕಷ್ಟ. ಬೇಟೆಯ ಹಿಂದಿನ ದಿನ ಇಶಿಯು ಮೀನನ್ನು ತಿನ್ನನು, ಹೊಗೆಸೊಪ್ಪನ್ನು ಮುಟ್ಟನು. ಮುಂಜಾನೆ ತೊರೆಯಲ್ಲಿ ಮಿಂದು, ಸುವಾಸನೆಯ ಎಲೆಗಳನ್ನು ಮೈಗೆ ತಿಕ್ಕಿಕೊಂಡು, ಉಪವಾಸದಿಂದಲೇ ಹೊರಡುವನು. ವ್ರತವೆಂದರೆ ಇದೇ ಅಲ್ಲವೆ! ಬಳಿಕ ಜಿಂಕೆಯ ತಲೆಯೊಂದನ್ನು ಧರಿಸಿ ಪೊದೆಯ ಮರೆಯಿಂದ ಇಣುಕುವನು. ಕುತೂಹಲಗೊಂಡ ಮೃಗವು ತಾನಾಗಿ ಹತ್ತಿರಕ್ಕೆ ಬರುವುದು. ನಮ್ಮ ಕಾವ್ಯಗಳ ಅರಸರು ರಥವೇರಿ ಮೃಗವನ್ನು ಅಟ್ಟಿದರು. ಇವನು ಅದನ್ನು ಬರಮಾಡಿಕೊಂಡನು.

1916ರ ಮಾರ್ಚಿಯಲ್ಲಿ ಇಶಿಯು ಕ್ಷಯದಿಂದ ತೀರಿಕೊಂಡನು. ಕಲಿತುದನ್ನು ಪೋಪನು 1923ರಲ್ಲಿ ಗ್ರಂಥವಾಗಿ ಪ್ರಕಟಿಸಿದನು. ದ್ರೋಣನು ಬೇಡಿದುದು ಶಿಷ್ಯನ ಹೆಬ್ಬೆರಳನ್ನು. ಇಲ್ಲಿ ಗುರುವಿನ ಮೆದುಳನ್ನೇ ತೆಗೆದು ವಾಷಿಂಗ್ಟನ್ ನಗರದ ಸಂಗ್ರಹಾಲಯಕ್ಕೆ ಕಳುಹಿದರು. ಅದು ಅವನ ಬಂಧುಕುಲದವರ ಕೈಸೇರಿದುದು 2000ನೆಯ ಇಸವಿಯಲ್ಲಿ.