ಮರಣದ ಕುರಿತ ಮುಕ್ತ ಮಾತು: ಬೆಳಗಾವಿ ಮತ್ತು ಖಾನಾಪುರ

ಬೆಳಗಾವಿಯಲ್ಲಿ ಸಾವಿನ ಬಗ್ಗೆ ಅಳುಕಿಲ್ಲದ ಸಾರ್ವಜನಿಕ ಮಾತು ಬೆಳೆದದ್ದು ಹೆಚ್ಚಾಗಿ ಸ್ಮಶಾನ ಮತ್ತು ಶವದ ಸುತ್ತ. ಚಿಕಿತ್ಸೆ ಎಲ್ಲಿಯವರೆಗೆ, ತೀರ್ಮಾನ ಯಾರದು ಎಂಬ ಸಾಯುವ ಮುಂಚಿನ ಪ್ರಶ್ನೆಗಳು ಮನೆಯೊಳಗೆ ಬರುವುದು ತಡವಾಗಿ, ಬಹುಪಾಲು ದವಾಖಾನೆಯ ತೀವ್ರ ನಿಗಾ ಘಟಕದ ಬಾಗಿಲಲ್ಲಿ ನಿಂತಾಗ.

ಮಾನವ ಬಂಧುತ್ವ ವೇದಿಕೆಯು ಅಂಬೇಡ್ಕರ್ ಮಹಾಪರಿನಿರ್ವಾಣ ದಿನವಾದ ಡಿಸೆಂಬರ್ 6ರಂದು ನಗರದ ಸದಾಶಿವನಗರ ಸ್ಮಶಾನದಲ್ಲಿ ಮೌಢ್ಯ ವಿರೋಧಿ ಕಾರ್ಯಕ್ರಮ ನಡೆಸುತ್ತ ಬಂದಿದೆ. 2014ರಲ್ಲಿ ಸಚಿವರಾಗಿದ್ದ ಸತೀಶ ಜಾರಕಿಹೊಳಿ ಅಲ್ಲೇ ಊಟ ಮಾಡಿ ರಾತ್ರಿ ಕಳೆದರು. ಮಣ್ಣಿಗೆ ಹೋಗಿ ಬಂದವರು ಮೈ ತೊಳೆಯದೆ ಹೊಸ್ತಿಲು ದಾಟದ ಸೀಮೆಯಲ್ಲಿ ಸ್ಮಶಾನದೊಳಗೆ ಪಂಕ್ತಿ ಕೂರುವುದು ಸಣ್ಣ ಸಂಗತಿಯಲ್ಲ. ಆದರೂ ಅದರ ಗುರಿ ದೆವ್ವ, ಮೈಲಿಗೆಗಳ ಭಯ. ಹಾಸಿಗೆ ಹಿಡಿದವರ ಸಂಕಟವಲ್ಲ.

ದೇಹದಾನದ್ದು ಇನ್ನೂ ಹತ್ತಿರದ ಕಥೆ. ಬೈಲಹೊಂಗಲದ ವೈದ್ಯ ಡಾ. ಬಸವಣ್ಣೆಪ್ಪ ರಾಮಣ್ಣವರ ತಮ್ಮ ದೇಹ ವಿದ್ಯಾರ್ಥಿಗಳ ಕಲಿಕೆಗೆ ಸಲ್ಲಬೇಕೆಂದು ಬಯಸಿ 2008ರಲ್ಲಿ ತೀರಿಕೊಂಡರು. ಕೆಡದಂತೆ ಕಾದಿರಿಸಿದ ಆ ದೇಹವನ್ನು 2010ರ ನವೆಂಬರಿನಲ್ಲಿ, ಬೆಳಗಾವಿಯ ಕೆಎಲ್‌ಇ ಆಯುರ್ವೇದ ಕಾಲೇಜಿನಲ್ಲಿ ಛೇದಿಸಿ ವಿದ್ಯಾರ್ಥಿಗಳಿಗೆ ಪಾಠ ಹೇಳಿದವರು ಅಲ್ಲಿನ ಶರೀರರಚನಾ ಶಾಸ್ತ್ರದ ಅಧ್ಯಾಪಕ, ಅವರದೇ ಮಗ ಡಾ. ಮಹಾಂತೇಶ ರಾಮಣ್ಣವರ. ತಂದೆ ಮೊದಲೇ ಬಾಯಿಬಿಟ್ಟು ಹೇಳಿರದಿದ್ದರೆ ಮಗನ ಕೈಗೆ ಆ ಧೈರ್ಯ ಬರುತ್ತಿರಲಿಲ್ಲ ಎಂದೇ ಊಹಿಸಬೇಕು. ಕುಟುಂಬದ ಟ್ರಸ್ಟ್ ಮುಂದೆ ದೇಹದಾನ, ಅಂಗದಾನಗಳ ಪ್ರಚಾರಕ್ಕೆ ತೊಡಗಿತು.

ಸಾವನ್ನು ತಿಳಿದು ಎದುರುಗೊಳ್ಳುವ ಪರಂಪರೆ ಜಿಲ್ಲೆಗೆ ಹೊಸದಲ್ಲ. ಭೋಜ ಗ್ರಾಮದ ಮನೆತನದ ಜೈನ ಆಚಾರ್ಯ ಶಾಂತಿಸಾಗರರು 1955ರಲ್ಲಿ ಮಹಾರಾಷ್ಟ್ರದ ಕುಂಥಲಗಿರಿಯಲ್ಲಿ, ಅನ್ನನೀರು ತೊರೆಯುವ ಸಲ್ಲೇಖನ ವ್ರತದಿಂದ ದೇಹ ಬಿಟ್ಟರು. ಈ ವ್ರತ ಆತ್ಮಹತ್ಯೆಗೆ ಸಮವೆಂದು ರಾಜಸ್ಥಾನ ಹೈಕೋರ್ಟ್ 2015ರ ಆಗಸ್ಟಿನಲ್ಲಿ ಹೇಳಿದ ತೀರ್ಪಿಗೆ ಸುಪ್ರೀಂ ಕೋರ್ಟ್ ಅದೇ ತಿಂಗಳು ತಡೆ ಕೊಟ್ಟಿತು.

ಆಸ್ಪತ್ರೆಯ ಸಾವಿನ ಕಾನೂನು ಬೇರೆ ದಾರಿಯಲ್ಲಿ ಬಂತು. ಉತ್ತರ ಕನ್ನಡದ ಹಳದೀಪುರದವರಾದ ನರ್ಸ್ ಅರುಣಾ ಶಾನಭಾಗ ಮುಂಬಯಿಯಲ್ಲಿ 1973ರಿಂದ 2015ರವರೆಗೆ ಪ್ರಜ್ಞೆ ಮರಳದೆ ಮಲಗಿದ್ದರು. ಅವರಿಗೆ ದಯಾಮರಣ ಕೋರಿದ ಪ್ರಕರಣದ 2011ರ ತೀರ್ಪು ಚರ್ಚೆಗೆ ಬಾಗಿಲು ತೆರೆಯಿತು. 2018ರಲ್ಲಿ ಸುಪ್ರೀಂ ಕೋರ್ಟ್ ಘನತೆಯಿಂದ ಸಾಯುವ ಹಕ್ಕನ್ನೂ, ಯಾವ ಚಿಕಿತ್ಸೆ ಬೇಡವೆಂದು ಮೊದಲೇ ಬರೆದಿಡುವ ಮುಂಗಡ ಇಚ್ಛಾಪತ್ರವನ್ನೂ ಮಾನ್ಯ ಮಾಡಿ, 2023ರಲ್ಲಿ ಕ್ರಮವನ್ನು ಸರಳಗೊಳಿಸಿತು. ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ಈ ಹಕ್ಕಿಗಾಗಿ ದಶಕಗಳ ಕಾಲ ಹೋರಾಡಿದವರು. ಕರ್ನಾಟಕ ಸರ್ಕಾರ ಸುಪ್ರೀಂ ಕೋರ್ಟಿನ ಈ ಕ್ರಮದ ಜಾರಿಗೆ ಆದೇಶ ಹೊರಡಿಸಿದ್ದು 2025ರ ಜನವರಿ 30ರಂದು.

ಇಚ್ಛಾಪತ್ರಕ್ಕೆ ಇಬ್ಬರು ಸಾಕ್ಷಿಗಳ ಸಹಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ತಾನು ಮಾತಾಡಲಾರದ ಸ್ಥಿತಿಗೆ ಬಂದರೆ ತೀರ್ಮಾನಿಸುವವರ ಹೆಸರನ್ನು ಅದರಲ್ಲಿ ಬರೆದಿರಬೇಕು. ಪ್ರತಿಯನ್ನು ಸ್ಥಳೀಯ ಸಂಸ್ಥೆಯ ನಿಯೋಜಿತ ಅಧಿಕಾರಿಗೆ ಕೊಡಬೇಕು: ಬೆಳಗಾವಿಯಲ್ಲಿ ಮಹಾನಗರ ಪಾಲಿಕೆ, ಖಾನಾಪುರದಲ್ಲಿ ಪಟ್ಟಣ ಪಂಚಾಯತಿ. ವೆಂಟಿಲೇಟರಿನಂಥ ಜೀವಾಧಾರ ತೆಗೆಯುವ ಮುನ್ನ ಆಸ್ಪತ್ರೆಯ ವೈದ್ಯರ ಮಂಡಳಿ ಒಪ್ಪಬೇಕು, ಜಿಲ್ಲಾ ಆರೋಗ್ಯಾಧಿಕಾರಿ ಸೂಚಿಸಿದ ವೈದ್ಯರಿರುವ ಎರಡನೆಯ ಮಂಡಳಿಯೂ ಒಪ್ಪಬೇಕು. ನಿರ್ಧಾರವನ್ನು ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಚುಚ್ಚುಮದ್ದು ಕೊಟ್ಟು ಪ್ರಾಣ ತೆಗೆಯುವುದು ಇಂದಿಗೂ ಅಪರಾಧ.

ಈ ಏರ್ಪಾಡೆಲ್ಲ ದೊಡ್ಡ ಆಸ್ಪತ್ರೆಯ ಹಾಸಿಗೆಯನ್ನು ಕಣ್ಣಮುಂದಿಟ್ಟುಕೊಂಡದ್ದು. ಬೆಳಗಾವಿಯಿಂದ ಸುಮಾರು 25 ಕಿ.ಮೀ. ದೂರದ ಖಾನಾಪುರ ದಾಟಿ ಭೀಮಗಡ ಅಭಯಾರಣ್ಯದ ಹಳ್ಳಿಗಳಿಗೆ ಹೋದರೆ ಲೆಕ್ಕ ಬದಲಾಗುತ್ತದೆ. ಮಳೆಗಾಲದಲ್ಲಿ ಅಲ್ಲಿ ರೋಗಿಯನ್ನು ಕಟ್ಟಿಗೆಯ ಡೋಲಿಯಲ್ಲಿ ಹೊತ್ತು ರಸ್ತೆ ಮುಟ್ಟಿಸಬೇಕಾಗುತ್ತದೆ. ಮನೆಯಲ್ಲೇ ಕಣ್ಣು ಮುಚ್ಚುವವರಿಗೆ ವೆಂಟಿಲೇಟರ್ ತೆಗೆಯುವ ಪ್ರಶ್ನೆಯೇ ಇಲ್ಲ. ಬೇಕಾದದ್ದು ನೋವು ಇಳಿಸುವ ಉಪಶಾಮಕ ಆರೈಕೆ. ಮಾದಕವಸ್ತು ಕಾಯ್ದೆಗೆ 2014ರಲ್ಲಿ ಆದ ತಿದ್ದುಪಡಿ ಕಡುನೋವಿಗೆ ಕೊಡುವ ಮಾರ್ಫಿನ್ ಇಟ್ಟುಕೊಳ್ಳುವ ಪರವಾನಗಿಯನ್ನು ಸಲೀಸು ಮಾಡಿದೆ. ಆದರೆ ಅದನ್ನು ಇಡಲು ಮಾನ್ಯತೆ ಪಡೆದ ಸಂಸ್ಥೆ, ಬರೆದುಕೊಡಲು ತರಬೇತಾದ ವೈದ್ಯರು ಬೇಕು.