ಗೋಲ್‌ಕೀಪರ್ ಹೋದ ಮೇಲೆ

ಕುಂದಾಪುರ, ಬೈಂದೂರು, ಬ್ರಹ್ಮಾವರಗಳಲ್ಲಿ ಕ್ರಿಕೆಟ್ಟಿನದೇ ಮಾತು. ಆದರೂ ವಿದ್ಯಾರ್ಥಿಗಳೇ, ಬೆಂಗಳೂರು ಎಫ್‌ಸಿಯ ಈ ಚರಿತ್ರೆ ನಿಮಗೆ ತಿಳಿದಿರಲಿ. 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಅದು. ಸೆಮಿಫೈನಲ್‌ವರೆಗೆ ಗೋಲು ಕಾದ ಅಮರಿಂದರ್ ಸಿಂಗ್, ಹಳದಿ ಕಾರ್ಡುಗಳ ದೆಸೆಯಿಂದ ಫೈನಲ್ ಆಡಲಾಗಲಿಲ್ಲ. ದೋಹಾದಲ್ಲಿ ಇರಾಕಿನ ಏರ್‌ಫೋರ್ಸ್ ಕ್ಲಬ್ 1-0ರಿಂದ ಗೆದ್ದಿತು.

2017ರಲ್ಲಿ ಅಮರಿಂದರ್ ಮುಂಬೈ ಸಿಟಿ ಸೇರಿದರು. ನಾರ್ವೆಯ ಕ್ಲಬ್ಬಿನಿಂದ ಗುರ್‌ಪ್ರೀತ್ ಸಿಂಗ್ ಸಂಧು ಬಂದರು. ಅಭಿಮಾನಿಗಳ ಪಾಡು ಊಹಿಸಿ: ನಿನ್ನೆಯವರೆಗೆ ಯಾರಿಗಾಗಿ ಗಂಟಲು ಹರಿದುಕೊಂಡರೋ ಅವರೇ ಈಗ ಎದುರು ಪಾಳೆಯದಲ್ಲಿ! ಬಹಳ ದಿನ ಕಾಯಬೇಕಾಗಲಿಲ್ಲ. ಅದೇ ನವೆಂಬರ್ 19ರಂದು ಕಂಠೀರವದಲ್ಲಿ ಬೆಂಗಳೂರಿನ ಮೊದಲ ಐಎಸ್‌ಎಲ್ ಪಂದ್ಯ; ಎದುರಾಳಿ ಮುಂಬೈಯೇ. ಪಶ್ಚಿಮ ಗ್ಯಾಲರಿಯ ‘ವೆಸ್ಟ್ ಬ್ಲಾಕ್ ಬ್ಲೂಸ್’ ಬಳಗ ಕೂಗಿದ್ದು ಕ್ಲಬ್ಬಿನ ಪರವಾಗಿಯೇ. ಕೊನೆ ಗಳಿಗೆಯಲ್ಲಿ ಅಮರಿಂದರ್‌ರಿಂದಲೇ ಚೆಂಡು ಕಸಿದು ಸುನಿಲ್ ಛೇಟ್ರಿ ಗೋಲು ಹೊಡೆದರು. ಫಲಿತಾಂಶ 2-0.