ಎಂಟಾಣೆಯಿಂದ ಸಿಸಿಟಿವಿವರೆಗೆ: ಮುಂಬಯಿಯ ಬೀದಿನಾಯಿಗಳ ಲೆಕ್ಕ

ಮುಂಬಯಿಯ ಬೀದಿನಾಯಿಗಳ ಉಸ್ತುವಾರಿ ಮಹಾನಗರಪಾಲಿಕೆಯ ಪಶುವೈದ್ಯಕೀಯ ಆರೋಗ್ಯ ವಿಭಾಗದ್ದು. ಉಪನಗರ ಗೋರೆಗಾಂವ್‌ನ ಚಾಳಿನವರೋ ಸೊಸೈಟಿಯವರೋ ದೂರು ಕೊಟ್ಟರೆ ಬಲೆ ಹಿಡಿದ ಸಿಬ್ಬಂದಿ ವ್ಯಾನಿನಲ್ಲಿ ಬರುತ್ತಾರೆ. ಹಿಡಿದ ನಾಯಿಗೆ ಕೇಂದ್ರದಲ್ಲಿ ಸಂತಾನಶಕ್ತಿಹರಣ ಚಿಕಿತ್ಸೆಯಾಗಬೇಕು, ರೇಬಿಸ್ ಲಸಿಕೆ ಬೀಳಬೇಕು. ಆಮೇಲೆ ಕಿವಿಯ ಅಂಚಿನಲ್ಲೊಂದು ಕಚ್ಚು ಗುರುತಿನೊಂದಿಗೆ ಅದು ಹಿಡಿದ ಜಾಗಕ್ಕೇ ಮರಳಬೇಕು. ಬೀದಿಯವರ ಕಣ್ಣಿಗೆ ಬೀಳುವುದು ಹಿಡಿಯುವುದು ಮತ್ತು ಬಿಡುವುದು, ಇವೆರಡೇ. ನಡುವಿನ ದಿನಗಳಲ್ಲಿ ಗೂಡಿನೊಳಗೆ ನಡೆದದ್ದಕ್ಕೆ ಉತ್ತರ ಕೊಡಬೇಕಾದವರು ಯಾರು ಎಂಬ ವ್ಯಾಜ್ಯ ಈ ಊರಿನಲ್ಲಿ ಇನ್ನೂರು ವರ್ಷದಷ್ಟು ಹಳೆಯದು. ಗೋರೆಗಾಂವ್ ಆಗಿನ್ನೂ ಊರಾಚೆಯ ಹಳ್ಳಿ. ವ್ಯಾಜ್ಯ ಹುಟ್ಟಿದ್ದು ಕೋಟೆ ಪ್ರದೇಶದಲ್ಲಿ.

ಬಿಸಿಲುಗಾಲದಲ್ಲಿ ಬೀಡಾಡಿ ನಾಯಿಗಳನ್ನು ಕೊಲ್ಲಲು ಈಸ್ಟ್ ಇಂಡಿಯಾ ಕಂಪನಿಯ ಆಡಳಿತ 1813ರಲ್ಲಿ ನಿಯಮ ಮಾಡಿತ್ತು. ಕೊಂದ ನಾಯಿಯೊಂದಕ್ಕೆ ಎಂಟಾಣೆ ಇನಾಮು. ಆ ಕಾಲದ ಕೂಲಿಯವನಿಗೆ ಎಂಟಾಣೆ ಸಣ್ಣ ಮೊತ್ತವಲ್ಲ. ಹೀಗಾಗಿ ಬೀಡಾಡಿ ಯಾವುದು, ಸಾಕಿದ್ದು ಯಾವುದು ಎಂದು ನೋಡುವ ಗೋಜಿಗೆ ಹೋಗದೆ, ಮನೆಯಂಗಳದ ನಾಯಿಗಳನ್ನೂ ಎಳೆದು ಕೊಂದು ಲೆಕ್ಕ ತೋರಿಸುವ ದಂಧೆ ಶುರುವಾಯಿತು. 1832ರಲ್ಲಿ ಮ್ಯಾಜಿಸ್ಟ್ರೇಟರು ಕೊಲ್ಲುವ ಅವಧಿಯನ್ನು ಜೂನ್‌ಗೂ ವಿಸ್ತರಿಸಿದರು. ಜೂನ್ 6ರಂದು, ಪಾರ್ಸಿಗಳ ಪವಿತ್ರ ದಿನವೊಂದರಲ್ಲೇ, ಕೋಟೆಯೊಳಗೆ ನಾಯಿ ಕೊಲ್ಲುತ್ತಿದ್ದವರ ಮೇಲೆ ಜನ ಬಿದ್ದರು. ಪಾರ್ಸಿಗಳ ಅಂತ್ಯಸಂಸ್ಕಾರದಲ್ಲಿ ಶವದ ಮುಖಕ್ಕೆ ನಾಯಿಯ ದೃಷ್ಟಿ ತಾಗಿಸುವ ‘ಸಗ್‌ದೀದ್’ ವಿಧಿಯಿದೆ. ಹುಬ್ಬಿನ ಮೇಲೆ ಎರಡು ಚುಕ್ಕೆಯಿರುವ ‘ನಾಲ್ಕು ಕಣ್ಣಿನ’ ನಾಯಿ ಅದಕ್ಕೆ ಶ್ರೇಷ್ಠ. ಮಾರನೆಯ ದಿನ ಅಂಗಡಿಗಳೆಲ್ಲ ಬಾಗಿಲು ಹಾಕಿದವು. ಹಿಂದೂಗಳು, ಜೈನರು, ಮುಸ್ಲಿಮರು ಕೂಡ ಜತೆಗೂಡಿದರು. ಕೊಲಾಬಾದ ಸೈನ್ಯಕ್ಕೆ ಹೋಗಬೇಕಿದ್ದ ದಿನಸಿಯನ್ನು ತಡೆಹಿಡಿದ ಮೇಲಂತೂ ಸರ್ಕಾರ ಸೈನಿಕರನ್ನೇ ಬೀದಿಗಿಳಿಸಬೇಕಾಯಿತು. ಗಲಭೆ ಅಡಗಿದ ಬಳಿಕ ಪಾರ್ಸಿ ಸಮಾಜದ ಹಿರಿಯರು ಅಹವಾಲು ಸಲ್ಲಿಸಿದರು. ನಾಯಿಗಳನ್ನು ಕೊಲ್ಲುವ ಬದಲು ಊರಿನಿಂದ ಹೊರಗೆ ಸಾಗಿಸಬೇಕೆಂದು ತೀರ್ಮಾನವಾಯಿತು.

ಸಾಗಿಸುವುದು ಎಲ್ಲಿಗೆ? 1834ರ ಅಕ್ಟೋಬರ್ 18ರಂದು ಸ್ಥಾಪನೆಯಾದ ಬಾಂಬೆ ಪಾಂಜರಪೋಳವೆಂಬ ಪ್ರಾಣಿಗಳ ಆಶ್ರಯತಾಣ ಈ ಪ್ರಶ್ನೆಗೆ ವರ್ತಕರು ಕೊಟ್ಟ ಉತ್ತರ. ಪಾರ್ಸಿ ಧನಿಕ ಜಮ್ಶೆಟ್‌ಜಿ ಜೀಜೀಭಾಯ್ ಮತ್ತು ಜೈನ ವರ್ತಕ ಮೋತಿಶಾ ಮುಂದೆ ನಿಂತರು. ವ್ಯಾಪಾರಿಗಳು ತಮ್ಮ ಸರಕಿನ ಮೇಲೆ ತಾವೇ ‘ಲಾಗಾ’ ಎಂಬ ವಂತಿಗೆ ಹಾಕಿಕೊಂಡರು. ಭುಲೇಶ್ವರದ ಆ ಆವರಣ ಇಂದು ದನಗಳಿಗೆ ಹೆಸರಾಗಿದ್ದರೂ ಅದರ ಹುಟ್ಟಿಗೆ ನಾಯಿಗಳ ಕೊಲೆಯೇ ನೆಪ. ಪಾಂಜರಪೋಳ ಕೊಲ್ಲುತ್ತಿರಲಿಲ್ಲ, ಅದು ದೊಡ್ಡ ಮಾತು. ಆದರೆ ಒಳಗೆ ಬಂದ ರೋಗಿ ಪ್ರಾಣಿ ಹೇಗೆ ಬದುಕುತ್ತಿದೆ ಎಂದು ಹೊರಗಿನವರು ಕೇಳುವ ಹಾದಿ ಅಲ್ಲಿರಲಿಲ್ಲ. ಪುಣ್ಯಕ್ಕೆಂದು ಕೊಟ್ಟ ಹಣಕ್ಕೆ ಲೆಕ್ಕ ಕೇಳುವುದು ಆಗ ರೂಢಿಯೂ ಅಲ್ಲ, ಮರ್ಯಾದೆಯೂ ಅಲ್ಲ. 1874ರಲ್ಲಿ ಪ್ರಾಣಿಹಿಂಸೆ ತಡೆ ಸಂಘ ಬಂತು. 1883ರಲ್ಲಿ ಪರೇಲದಲ್ಲಿ ಬಾಯಿ ಸಾಕರ್‌ಬಾಯಿ ದಿನ್‌ಶಾ ಪೆಟಿಟ್ ಪ್ರಾಣಿ ಆಸ್ಪತ್ರೆ ತೆರೆಯಿತು. 1890ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಕಣ್ಣು ಮುಖ್ಯವಾಗಿ ಇದ್ದದ್ದು ಗಾಡಿ ಎಳೆಯುವ ಎತ್ತು, ಕುದುರೆಗಳ ಮೇಲೆ.

ಅಷ್ಟರಲ್ಲಿ ಕೊಲ್ಲುವ ಕೆಲಸ ಸದ್ದಿಲ್ಲದೆ ಮರಳಿತ್ತು. ಈ ಸಲ ಅದು ಬೀದಿಯಲ್ಲಿ ನಡೆಯಲಿಲ್ಲ, ಗೋಡೆಯೊಳಗೆ ನಡೆಯಿತು. 1888ರ ಮುನ್ಸಿಪಲ್ ಕಾಯ್ದೆಯ ಅಧಿಕಾರದಡಿ ಪಾಲಿಕೆ ನಾಯಿಗಳನ್ನು ಹಿಡಿಸಿ, ಒಡೆಯರು ಬಾರದಿದ್ದರೆ ಮಹಾಲಕ್ಷ್ಮಿಯ ದೊಡ್ಡಿಯಲ್ಲಿ ಕೊಲ್ಲಿಸುತ್ತಿತ್ತು. ಮುಂದೆ ಅಲ್ಲಿ ವಿದ್ಯುತ್ ಹಾಯಿಸಿ ಕೊಲ್ಲುವ ಪೆಟ್ಟಿಗೆಯೂ ಬಂತು. ಬೀದಿಯಲ್ಲಿ ದೊಣ್ಣೆಪೆಟ್ಟು ಬಿದ್ದಾಗ ದಂಗೆಯೆದ್ದ ನಗರ, ದೊಡ್ಡಿಯೊಳಗಿನ ಪೆಟ್ಟಿಗೆಯ ವಿಷಯದಲ್ಲಿ ಬಹುಕಾಲ ಸುಮ್ಮನಿತ್ತು. ವಾದ ಎದ್ದದ್ದು ಬೇರೆಡೆ: ಅಹಮದಾಬಾದಿನ ಗಿರಣಿ ಮಾಲೀಕ ಅಂಬಾಲಾಲ್ ಸಾರಾಭಾಯ್ 1926ರಲ್ಲಿ ಅರವತ್ತು ನಾಯಿಗಳನ್ನು ಕೊಲ್ಲಿಸಿದಾಗ ಗಾಂಧೀಜಿ ಅದನ್ನು ಅನಿವಾರ್ಯವೆಂದೇ ಸಮರ್ಥಿಸಿ ‘ಯಂಗ್ ಇಂಡಿಯಾ’ದಲ್ಲಿ ಲೇಖನಮಾಲೆ ಬರೆದರು. ಬೀದಿಯಲ್ಲಿ ಒಡೆಯನಿಲ್ಲದ ನಾಯಿ ಇರುವುದೇ ಸಮಾಜದ ತಪ್ಪು ಎಂಬುದು ಅವರ ವಾದ. ಓದುಗರ ಕೋಪದ ಪತ್ರಗಳು ವಾರಗಟ್ಟಲೆ ಬಂದವು.

ಸ್ವತಂತ್ರ ಭಾರತದ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯೂ ದೊಡ್ಡಿಯ ಬಾಗಿಲನ್ನು ಪೂರ್ತಿ ತೆರೆಯಲಿಲ್ಲ. ಕೊಲ್ಲುವ ಕೋಣೆಗಳಲ್ಲಿ ಬೀದಿನಾಯಿಗಳನ್ನು ನಾಶಪಡಿಸುವುದು ಹಿಂಸೆಯಲ್ಲ ಎಂದು ಅದರ 11ನೇ ಕಲಮಿನಲ್ಲೇ ವಿನಾಯಿತಿಯಿತ್ತು. ವಿನಾಯಿತಿಗೆ ಹೊರತಾದ ಹಿಂಸೆಗೆ ಮೊದಲ ಸಲ ದಂಡ ಹತ್ತರಿಂದ ಐವತ್ತು ರೂಪಾಯಿ. ಭಾರತೀಯ ದಂಡ ಸಂಹಿತೆಯ 428ನೇ ಕಲಮು ಇನ್ನೂ ಸೊಗಸಾಗಿತ್ತು: ಪ್ರಾಣಿ ಹತ್ತು ರೂಪಾಯಿಯಾದರೂ ಬೆಲೆ ಬಾಳಬೇಕಿತ್ತು. ಒಡೆಯನೇ ಇಲ್ಲದ ನಾಯಿಗೆ ಬೆಲೆ ಕಟ್ಟುವವರು ಯಾರು? 2024ರ ಜುಲೈನಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಲ್ಲಿ ಈ ಬೆಲೆಯ ಷರತ್ತು ಹೋಗಿ, ಶಿಕ್ಷೆ ಐದು ವರ್ಷದವರೆಗೆ ಏರಿದೆ.

ಇತ್ತ ನಗರ ಬೆಳೆಯುತ್ತಿತ್ತು. ಒಂದು ಕಾಲದಲ್ಲಿ ಊರಾಚೆಯ ಹಳ್ಳಿಯಾಗಿದ್ದ ಗೋರೆಗಾಂವ್ ಪಾಲಿಕೆಯ ಸರಹದ್ದಿಗೆ ಸೇರಿದ್ದು 1957ರಲ್ಲಿ. ನಗರದ ತಬೇಲಾಗಳ ಎಮ್ಮೆಗಳನ್ನು ಊರಾಚೆ ಸಾಗಿಸಲೆಂದು ಪೂರ್ವದ ಗುಡ್ಡಗಳ ತಪ್ಪಲಲ್ಲಿ ಆರೆ ಹಾಲಿನ ಕಾಲೊನಿ 1949ರಲ್ಲೇ ತಲೆಯೆತ್ತಿತ್ತು. ತಬೇಲಾ, ಕಾಲೊನಿ, ಜೋಪಡಿ, ಕಸದ ರಾಶಿ ಇರುವಲ್ಲಿ ನಾಯಿ ಇದ್ದೇ ಇರುತ್ತದೆ. ನಾಯಿ ಇರುವಲ್ಲಿಗೆ ಪಕ್ಕದ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದಿಂದ ಚಿರತೆ ಬರುತ್ತದೆ. ಈ ಕಾಡಿನ ಸುಮಾರು 35 ಚಿರತೆಗಳು ವರ್ಷಕ್ಕೆ 1,500ರಷ್ಟು ನಾಯಿಗಳನ್ನು ತಿನ್ನುತ್ತಿರಬಹುದು, ಅದರಿಂದ ನಾಯಿಕಡಿತವೂ ತಗ್ಗುತ್ತಿರಬಹುದು ಎಂದು 2018ರ ಒಂದು ಸಂಶೋಧನಾ ಲೇಖನ ಅಂದಾಜಿಸಿತು. ಪಾಲಿಕೆಯ ಬಲೆಗಿಂತ ಚಿರತೆಯೇ ವಾಸಿ ಎಂದು ತಮಾಷೆ ಮಾಡಬಹುದು, ಆದರೆ ಚಿರತೆಗೆ ನಿಯಮಾವಳಿ ಅನ್ವಯಿಸುವುದಿಲ್ಲ.

ಕೊಲ್ಲುವುದನ್ನು ನಿಲ್ಲಿಸಿದ್ದು ಕರುಣೆಯೊಂದೇ ಅಲ್ಲ, ಕೊಲ್ಲುವ ಕ್ರಮದ ಸೋಲು ಕೂಡ. ನಾಯಿಗಳನ್ನು ತೆಗೆದ ಜಾಗಕ್ಕೆ ಪಕ್ಕದ ಬೀದಿಯವು ಬರುತ್ತವೆ, ಉಳಿದವು ಮತ್ತೆ ಮರಿ ಹಾಕುತ್ತವೆ. ಚೆನ್ನೈನ ಬ್ಲೂ ಕ್ರಾಸ್ 1960ರ ದಶಕದಿಂದಲೇ ಇದನ್ನು ಹೇಳುತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ ಅದನ್ನೇ ಹೇಳಿತು. ಮುಂಬಯಿ ಪಾಲಿಕೆ 1994ರಲ್ಲಿ ಕೊಲ್ಲುವುದನ್ನು ಬಿಟ್ಟು ಸಂತಾನಶಕ್ತಿಹರಣದತ್ತ ಹೊರಳಿತು. 1998ರ ಅಕ್ಟೋಬರ್‌ನಲ್ಲಿ ಮುಂಬಯಿ ಹೈಕೋರ್ಟಿನ ಆದೇಶದಿಂದ ಆ ಕಾರ್ಯಕ್ರಮಕ್ಕೆ ಮಾರ್ಗಸೂಚಿಯೂ ಸಿಕ್ಕಿತು. ‘ವೆಲ್ಫೇರ್ ಆಫ್ ಸ್ಟ್ರೇ ಡಾಗ್ಸ್’, ‘ಇನ್ ಡಿಫೆನ್ಸ್ ಆಫ್ ಅನಿಮಲ್ಸ್’, ಮಲಾಡ್‌ನ ‘ಅಹಿಂಸಾ’ದಂಥ ಸಂಸ್ಥೆಗಳು ಈ ಕೆಲಸಕ್ಕೆ ಕೈಜೋಡಿಸಿದವು. ಕೇಂದ್ರ ಸರ್ಕಾರದ ಎಬಿಸಿ (ಪ್ರಾಣಿ ಜನನ ನಿಯಂತ್ರಣ) ನಿಯಮಗಳು 2001ರ ಡಿಸೆಂಬರ್ 24ರಂದು ಪ್ರಕಟವಾದಾಗ ಮುಂಬಯಿಗೆ ಈ ಪದ್ಧತಿ ಹೊಸದಾಗಿರಲಿಲ್ಲ.

ಹೊಸ ಪದ್ಧತಿಗೂ ಹಣ ಬರುವುದು ತಲೆಲೆಕ್ಕದಲ್ಲೇ. ಹಾಗಾಗಿ 1832ರ ಚಾಳಿ ಮರುಕಳಿಸಬಹುದೆಂಬ ಅನುಮಾನಕ್ಕೆ ನಿಯಮ ಬರೆದವರು ಒಂದು ವಿಚಿತ್ರ ಮದ್ದು ಹುಡುಕಿದರು. ಚಿಕಿತ್ಸೆಯಲ್ಲಿ ತೆಗೆದ ಗರ್ಭಕೋಶ, ವೃಷಣಗಳನ್ನು ಫಾರ್ಮಲಿನ್‌ನಲ್ಲಿ ಕಾಪಿಡಬೇಕು, ಪರಿಶೀಲಿಸುವವರು ಬಂದು ಎಣಿಸಿ ವಹಿಯೊಡನೆ ತಾಳೆ ನೋಡಿದ ಮೇಲೆ ಅವನ್ನು ನಾಶಮಾಡಬೇಕು, ಆಮೇಲೆ ಬಿಲ್ಲು. ಹಣ ಸೋರದಂತೆ ತಡೆಯಲು ಇದು ಒಳ್ಳೆಯ ಉಪಾಯ. ಆದರೆ ಎಂಟಾಣೆಯ ಕಾಲದಲ್ಲಿ ಸತ್ತ ನಾಯಿಯನ್ನು ಎಣಿಸಿದರೆ ಇಲ್ಲಿ ಎಣಿಸುವುದು ತೆಗೆದ ಅಂಗವನ್ನು. ಅರಿವಳಿಕೆ ಸರಿಯಾಗಿತ್ತೇ, ಹೊಲಿಗೆ ಕೀವು ಹಿಡಿಯಿತೇ, ಒಂದೇ ಗೂಡಿನಲ್ಲಿ ಎಷ್ಟು ನಾಯಿ ತುಂಬಿದ್ದರು, ಗೋರೆಗಾಂವ್‌ನಲ್ಲಿ ಹಿಡಿದದ್ದನ್ನು ಗೋರೆಗಾಂವ್‌ನಲ್ಲೇ ಬಿಟ್ಟರೇ ಎಂಬುದನ್ನು ಡಬ್ಬಿಯೊಳಗಿನ ಅಂಗ ಹೇಳುವುದಿಲ್ಲ.

ಕೊಲ್ಲಬಹುದೇ ಎಂಬ ಪ್ರಶ್ನೆ ನ್ಯಾಯಾಲಯಗಳಲ್ಲಿ ಜೀವಂತವಾಗಿಯೇ ಇತ್ತು. ಉಪದ್ರವ ಕೊಡುವ ಬೀದಿನಾಯಿಗಳನ್ನು ಕೊಲ್ಲಲು ಪಾಲಿಕೆಗೆ ಅಧಿಕಾರವಿದೆ ಎಂದು ಮುಂಬಯಿ ಹೈಕೋರ್ಟಿನ ಪೂರ್ಣಪೀಠ 2008ರ ಡಿಸೆಂಬರ್‌ನಲ್ಲಿ ಬಹುಮತದ ತೀರ್ಪು ಕೊಟ್ಟಿತು. ಮರುತಿಂಗಳೇ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ನೀಡಿತು. ಹದಿನೈದು ವರ್ಷ ಎಳೆದಾಡಿದ ಆ ಪ್ರಕರಣ 2024ರ ಮೇ ತಿಂಗಳಲ್ಲಿ ಮುಗಿಯಿತು. ಅಷ್ಟರಲ್ಲಿ, 2023ರ ಮಾರ್ಚ್‌ನಲ್ಲಿ, ಹೊಸ ಎಬಿಸಿ ನಿಯಮಗಳು ಬಂದಿದ್ದವು.

ಗೂಡಿನೊಳಗಿನ ದಿನಗಳನ್ನು ಲೆಕ್ಕಕ್ಕೆ ತರಲು ಗಂಭೀರವಾಗಿ ಹೊರಟದ್ದು ಈ 2023ರ ನಿಯಮಾವಳಿಯೇ. ಪ್ರಾಣಿ ಕಲ್ಯಾಣ ಮಂಡಳಿಯ ಮಾನ್ಯತಾ ಪ್ರಮಾಣಪತ್ರವಿಲ್ಲದೆ ಯಾವ ಸಂಸ್ಥೆಯೂ ಈ ಕೆಲಸ ಮಾಡುವಂತಿಲ್ಲ. ಕೇಂದ್ರದಲ್ಲಿ ಸಿಸಿಟಿವಿ ಇರಬೇಕು. ಪ್ರತಿ ನಾಯಿಯನ್ನು ಎಲ್ಲಿ ಹಿಡಿದರು, ಎಂದು ಚಿಕಿತ್ಸೆಯಾಯಿತು, ಎಲ್ಲಿ ಬಿಟ್ಟರು ಎಂಬ ದಾಖಲೆ ಬೇಕು. ಸ್ಥಳೀಯ ಸಂಸ್ಥೆಯ ಮಟ್ಟದಿಂದ ಕೇಂದ್ರದವರೆಗೆ ಉಸ್ತುವಾರಿ ಸಮಿತಿಗಳಿವೆ. ಕಾಗದದ ಮೇಲೆ ಕೊರತೆಯೇನೂ ಕಾಣದು. ಒಂದು ತೊಡಕು ಮಾತ್ರ ಉಳಿದಿದೆ: ಗುತ್ತಿಗೆ ಕೊಡುವ ಪಾಲಿಕೆಯೇ ಉಸ್ತುವಾರಿ ಸಮಿತಿಯಲ್ಲೂ ಕುಳಿತಿರುತ್ತದೆ. ಕೇಂದ್ರವನ್ನು ಮುಚ್ಚಿಸಿದರೆ ದೂರುಗಳ ರಾಶಿ ಬಂದು ಬೀಳುವುದು ಅದೇ ಪಾಲಿಕೆಯ ಮೇಜಿನ ಮೇಲೆ. ಕಟ್ಟುನಿಟ್ಟಿನ ತಪಾಸಣೆಗೆ ಇದಕ್ಕಿಂತ ದೊಡ್ಡ ಅಡ್ಡಿ ಬೇಕಿಲ್ಲ.

2025ರಲ್ಲಿ ವಿಷಯ ಇನ್ನೊಂದು ತಿರುವು ಪಡೆಯಿತು. ದೆಹಲಿ ಪ್ರದೇಶದ ಬೀದಿನಾಯಿಗಳನ್ನೆಲ್ಲ ಆಶ್ರಯಕೇಂದ್ರಕ್ಕೆ ಒಯ್ಯಬೇಕೆಂದು ಸುಪ್ರೀಂ ಕೋರ್ಟಿನ ದ್ವಿಸದಸ್ಯ ಪೀಠ ಆಗಸ್ಟ್ 11ರಂದು ಆದೇಶಿಸಿತು. ಆಗಸ್ಟ್ 22ರಂದು ತ್ರಿಸದಸ್ಯ ಪೀಠ ಅದನ್ನು ಮಾರ್ಪಡಿಸಿ, ರೇಬಿಸ್ ತಗುಲಿದ ಅಥವಾ ಆಕ್ರಮಣಕಾರಿಯಾದ ನಾಯಿಗಳನ್ನು ಬಿಟ್ಟು ಉಳಿದವನ್ನು ಚಿಕಿತ್ಸೆಯ ನಂತರ ಹಿಡಿದ ಜಾಗಕ್ಕೇ ಬಿಡಬೇಕೆಂದಿತು. ಪ್ರಕರಣದ ವ್ಯಾಪ್ತಿಯನ್ನು ದೇಶಕ್ಕೆಲ್ಲ ಹಿಗ್ಗಿಸಿತು. ನವೆಂಬರ್ 7ರ ಆದೇಶದ ಪ್ರಕಾರ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದ ನಾಯಿಗಳನ್ನು ಮರಳಿ ಅಲ್ಲಿಗೆ ಬಿಡುವಂತಿಲ್ಲ, ಆಶ್ರಯಕೇಂದ್ರದಲ್ಲೇ ಇಡಬೇಕು. ಗೋರೆಗಾಂವ್ ರೈಲು ನಿಲ್ದಾಣದ ಪ್ಲಾಟ್‌ಫಾರಂ ನಾಯಿಯೂ ಈ ಪಟ್ಟಿಯಲ್ಲಿ ಬರುತ್ತದೆ.

2014ರ ಗಣತಿಯಲ್ಲಿ ಮುಂಬಯಿಯ ಬೀದಿನಾಯಿಗಳ ಸಂಖ್ಯೆ 95,172. ಈಗಿರುವ ಕೇಂದ್ರಗಳು ಕೆಲವು ದಿನ ಇಟ್ಟುಕೊಂಡು ಮರಳಿ ಬಿಡುವುದಕ್ಕೆಂದು ಕಟ್ಟಿದವು. ಹಲವು ವರ್ಷ ಬದುಕುವ ಪ್ರಾಣಿಯನ್ನು ಸಾಯುವತನಕ ಸಾಕುವುದಕ್ಕಲ್ಲ. ಅಂಥ ನಾಯಿಯ ವಿಷಯದಲ್ಲಿ ಕಿವಿಯ ಕಚ್ಚಾಗಲಿ ಫಾರ್ಮಲಿನ್ ಡಬ್ಬಿಯಾಗಲಿ ಸಾಕ್ಷಿಯಾಗಲಾರದು. ಆಹಾರದ ಖರ್ಚು, ರೋಗದ ದಾಖಲೆ, ಸತ್ತವುಗಳ ವಹಿ, ಗೂಡೊಂದಕ್ಕೆ ಎಷ್ಟು ನಾಯಿ ಎಂಬ ಮಿತಿ, ಹೇಳದೆ ಬಂದು ನೋಡುವ ಹಕ್ಕಿರುವ ಹೊರಗಿನ ಪಶುವೈದ್ಯ, ಇವೆಲ್ಲ ಬೇಕಾಗುತ್ತವೆ. ಎಬಿಸಿ ನಿಯಮಾವಳಿಯನ್ನು ಬರೆದದ್ದು ಹಿಡಿದು ಬಿಡುವ ಕೆಲಸವನ್ನು ಮನಸ್ಸಿನಲ್ಲಿಟ್ಟುಕೊಂಡು. ಜೀವನಪರ್ಯಂತದ ಆಶ್ರಯಕ್ಕೆ ಅಷ್ಟೇ ವಿವರವಾದ ನಿಯಮಗಳು ಪಾಲಿಕೆಗಳ ಕೈಯಲ್ಲಿ ಇರುವ ಮುಂಚೆಯೇ ನವೆಂಬರ್‌ನ ಆದೇಶ ಬಂದಿತ್ತು.